ಹಳಿ ಮುಟ್ಟದ ರೈಲು

ಜರ್ಮನಿಯ ವಾಯವ್ಯ ಮೂಲೆಯಲ್ಲಿ ನಾರ್ಟ್ರುಪ್ ಎಂಬ ಸಣ್ಣ ಊರಿದೆ. ಅಲ್ಲಿ ಕೆಂಪರ್ ಮನೆತನದವರ ಮಾಂಸದ ತಿನಿಸುಗಳ ಕಾರ್ಖಾನೆ. ಆ ಕಾರ್ಖಾನೆಯ ಅಂಗಳದಲ್ಲಿ 2017ರಿಂದ ಮೂರು ಬೋಗಿಗಳ ಒಂದು ರೈಲು ನಿಂತಿದೆ. ಅದಕ್ಕೆ ಒಂದೂ ಗಾಲಿ ಇಲ್ಲ. ಗಂಟೆಗೆ 500 ಕಿಲೋಮೀಟರ್ ವೇಗದಲ್ಲಿ ಓಡಬಲ್ಲಂತೆ ಕಟ್ಟಿದ ಆ ರೈಲನ್ನು ಹರಾಜಿನಲ್ಲಿ ಸುಮಾರು ಎರಡು ಲಕ್ಷ ಯೂರೋ ಕೊಟ್ಟು ಕೊಂಡು, ಲಾರಿಗಳ ಮೇಲೆ ಹೇರಿಸಿ ಅಲ್ಲಿಗೆ ತಂದರು. ಸಾಸೇಜು ಮಾಡುವವರಿಗೆ ರೈಲು ಯಾಕೆ ಬೇಕಾಯಿತು ಎಂದು ಕೇಳಿದರೆ, ಉತ್ತರಕ್ಕಾಗಿ ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅದೇ ಮನೆತನದ ಹರ್ಮನ್ ಕೆಂಪರ್ (1892–1977) ವಿದ್ಯುತ್ ಎಂಜಿನಿಯರ್. 1934ರ ಆಗಸ್ಟ್ 14ರಂದು ಅವರಿಗೆ ಒಂದು ಪೇಟೆಂಟ್ ಸಿಕ್ಕಿತು. ಗಾಲಿಗಳಿಲ್ಲದ ವಾಹನವೊಂದು ಅಯಸ್ಕಾಂತದ ಬಲದಿಂದ ಕಬ್ಬಿಣದ ಹಳಿಯ ಗುಂಟ ತೇಲುತ್ತ ಸಾಗುವ ವ್ಯವಸ್ಥೆಗೆ ಸಂಬಂಧಿಸಿದ ಪೇಟೆಂಟ್ ಅದು. ಇಂದು ನಾವು ‘ಮ್ಯಾಗ್ಲೆವ್’ ಎಂದು ಚುಟುಕಾಗಿ ಕರೆಯುವ ರೈಲಿನ ಜಾತಕ ಬರೆದದ್ದು ಅಲ್ಲಿ. ಅವರ ಕನಸಿನ ಕೊನೆಯ ಕುಡಿ ಈಗ ಅವರದೇ ಮನೆತನದ ಅಂಗಳದಲ್ಲಿ ನೆಲಕ್ಕೆ ಕುಳಿತಿದೆ.

ಇದನ್ನು ಸೋಲಿನ ಕಥೆ ಎಂದು ಮುಗಿಸಿಬಿಡಬಹುದು. ಆದರೆ ಯಂತ್ರ ಸೋಲಲಿಲ್ಲ. ಅದು ತೇಲಿತು, ಓಡಿತು, ಹೇಳಿದ ವೇಗವನ್ನು ಮುಟ್ಟಿತು. ಹಾಗಿದ್ದರೂ ಜಗತ್ತಿನ ನಕ್ಷೆಯ ಮೇಲೆ ಮ್ಯಾಗ್ಲೆವ್ ಗೆರೆಗಳು ಬೆರಳೆಣಿಕೆಯಷ್ಟೇ ಇವೆ. ಕೆಲಸ ಮಾಡುವ ತಂತ್ರಜ್ಞಾನವೊಂದು ಯಾಕೆ ಹಬ್ಬುವುದಿಲ್ಲ ಎಂಬ ಪ್ರಶ್ನೆಗೆ ಈ ನೂರು ವರ್ಷದ ಚರಿತ್ರೆ ಒಳ್ಳೆಯ ಪಾಠ.

ಕೆಂಪರ್‌ಗೂ ಮೊದಲು ಒಬ್ಬರಿದ್ದರು. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಎಮಿಲ್ ಬಾಷ್ಲೆ 1914ರಲ್ಲಿ ಲಂಡನ್ನಿನಲ್ಲಿ ತಮ್ಮ ತೇಲುವ ರೈಲಿನ ಮಾದರಿಯನ್ನು ಪ್ರದರ್ಶಿಸಿದರು. ಸಾಲಾಗಿ ಜೋಡಿಸಿದ ವಿದ್ಯುತ್ಕಾಂತಗಳ ಮೇಲೆ ಅಲ್ಯೂಮಿನಿಯಮ್ ತಳದ ಪುಟ್ಟ ವಾಹನ ಗಾಳಿಯಲ್ಲಿ ನಿಂತು ಮುಂದಕ್ಕೆ ಸರಿಯುತ್ತಿತ್ತು. ಪತ್ರಿಕೆಗಳು ಬೆರಗಾಗಿ ಬರೆದವು. ಕೆಲವೇ ತಿಂಗಳಲ್ಲಿ ಮಹಾಯುದ್ಧ ಶುರುವಾಯಿತು. ಅಷ್ಟು ವಿದ್ಯುತ್ತನ್ನು ಸುರಿದು ಮನುಷ್ಯರು ಕೂರುವ ಗಾತ್ರದ ಗಾಡಿಯನ್ನು ಎತ್ತುವುದು ಆ ಕಾಲದಲ್ಲಿ ಲೆಕ್ಕಕ್ಕೆ ಕೂಡುವ ಮಾತೂ ಆಗಿರಲಿಲ್ಲ.

ಎತ್ತುವುದು ಅಷ್ಟು ಕಷ್ಟವೇ? ಚಿಕ್ಕಂದಿನಲ್ಲಿ ಎರಡು ಅಯಸ್ಕಾಂತಗಳ ಒಂದೇ ಧ್ರುವಗಳನ್ನು ಎದುರುಬದುರು ಹಿಡಿದು ಆಡಿದವರಿಗೆಲ್ಲ ಉತ್ತರ ಗೊತ್ತಿರುತ್ತದೆ. ಮೇಲಿನದು ತೇಲುವಂತೆ ಕಾಣುತ್ತದೆ, ಕೈಬಿಟ್ಟ ಕೂಡಲೇ ಪಕ್ಕಕ್ಕೆ ಜಾರಿ, ಮಗುಚಿ, ಅಂಟಿಕೊಳ್ಳುತ್ತದೆ. ಇದು ಕೈಯ ತಪ್ಪಲ್ಲ, ನಿಸರ್ಗದ ನಿಯಮ. ಸ್ಥಿರವಾದ ಅಯಸ್ಕಾಂತಗಳನ್ನು ಹೇಗೆ ಜೋಡಿಸಿದರೂ, ಅವುಗಳ ಬಲವೊಂದರಿಂದಲೇ ಇನ್ನೊಂದು ಅಯಸ್ಕಾಂತವನ್ನು ಅಲುಗಾಡದಂತೆ ತೇಲಿಸಿಡಲು ಬರುವುದಿಲ್ಲ. ಇಂಗ್ಲೆಂಡಿನ ಸ್ಯಾಮುಯೆಲ್ ಅರ್ನ್‌ಶಾ 1842ರಲ್ಲಿ ಕೊಟ್ಟ ಪ್ರಮೇಯದಿಂದ ಹೊರಡುವ ಮಾತು ಇದು. ಹಾಗಾಗಿ ತೇಲುವ ರೈಲು ಬೇಕೆಂದರೆ ಅಯಸ್ಕಾಂತ ಸುಮ್ಮನೆ ಇರಬಾರದು. ಒಂದೋ ಅದರ ಬಲವನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುತ್ತಿರಬೇಕು, ಇಲ್ಲವೇ ಅದು ಓಡುತ್ತಿರಬೇಕು.

ಕೆಂಪರ್ ಹಿಡಿದದ್ದು ಮೊದಲ ದಾರಿ. ಇದರಲ್ಲಿ ರೈಲನ್ನು ತಳ್ಳುವುದಿಲ್ಲ, ಸೆಳೆಯುತ್ತಾರೆ. ಎತ್ತರದ ಕಂಬಗಳ ಮೇಲೆ ಕಾಂಕ್ರೀಟಿನ ಇಲ್ಲವೇ ಉಕ್ಕಿನ ಪಥ. ರೈಲಿನ ಎರಡೂ ಪಕ್ಕಗಳು ಆ ಪಥವನ್ನು ತಬ್ಬಿ ಅದರ ಅಡಿಗೆ ಬಾಗಿಕೊಂಡಿರುತ್ತವೆ. ಅಡಿಗೆ ಹೋದ ಆ ತೋಳುಗಳಲ್ಲಿರುವ ವಿದ್ಯುತ್ಕಾಂತಗಳು ಮೇಲಿನ ಕಬ್ಬಿಣದ ಕಡೆಗೆ ಸೆಳೆಯಲ್ಪಟ್ಟು ಇಡೀ ರೈಲನ್ನು ಎತ್ತುತ್ತವೆ. ನಡುವಿನ ಅಂತರ ಒಂದೇ ಸೆಂಟಿಮೀಟರ್. ಅಂತರ ಕಡಿಮೆಯಾದರೆ ಸೆಳೆತ ಹೆಚ್ಚಾಗಿ ಅಂಟಿಕೊಳ್ಳುತ್ತದೆ, ಹೆಚ್ಚಾದರೆ ಬೀಳುತ್ತದೆ. ಹಾಗಾಗಿ ಅಂತರವನ್ನು ಸದಾ ಅಳೆಯುತ್ತ ವಿದ್ಯುತ್ತನ್ನು ತಿದ್ದುತ್ತಲೇ ಇರಬೇಕು, ಅದೂ ಸೆಕೆಂಡಿಗೆ ಸಾವಿರಾರು ಬಾರಿ. 1934ರಲ್ಲಿ ತತ್ವವಿತ್ತು, ಇಂಥ ಕೆಲಸಕ್ಕೆ ತಕ್ಕ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಟ್ರಾನ್ಸಿಸ್ಟರಿನ ಕಾಲ ಬರುವವರೆಗೆ ಪೇಟೆಂಟ್ ಕಾಗದದಲ್ಲೇ ಉಳಿಯಿತು.

ಎರಡನೆಯ ದಾರಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಜೇಮ್ಸ್ ಪವೆಲ್ ಮತ್ತು ಗೋರ್ಡನ್ ಡ್ಯಾನ್‌ಬಿ ಅವರದು. 1960ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸೇತುವೆಯೊಂದರ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದಾಗ ಪವೆಲ್‌ಗೆ ಈ ಯೋಚನೆ ಹೊಳೆಯಿತಂತೆ. ಇಬ್ಬರೂ 1966ರಲ್ಲಿ ತಮ್ಮ ಪ್ರಬಂಧ ಮಂಡಿಸಿದರು. ರೈಲಿನಲ್ಲಿ ಅತಿವಾಹಕ ತಂತಿಯ ಸುರುಳಿಗಳಿರುತ್ತವೆ. ದ್ರವ ಹೀಲಿಯಮ್ಮಿನಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣಿಸಿದರೆ ಅವುಗಳಲ್ಲಿ ವಿದ್ಯುತ್ ತಡೆಯಿಲ್ಲದೆ ಸುತ್ತುತ್ತದೆ, ಬಲವಾದ ಅಯಸ್ಕಾಂತ ಸಿದ್ಧವಾಗುತ್ತದೆ. ರೈಲು ಓಡಿದಾಗ ಪಥದಲ್ಲಿರುವ ಸುರುಳಿಗಳಲ್ಲಿ ತಾನಾಗಿ ವಿದ್ಯುತ್ ಹುಟ್ಟಿ ರೈಲನ್ನು ಎತ್ತಿ ಹಿಡಿಯುತ್ತದೆ. ಅಂತರ ಹತ್ತು ಸೆಂಟಿಮೀಟರ್, ಅಂದರೆ ಕೆಂಪರ್ ದಾರಿಯ ಹತ್ತು ಪಟ್ಟು. ಭೂಕಂಪದ ನಾಡಾದ ಜಪಾನ್ ಈ ದಾರಿಯನ್ನೇ ಆರಿಸಿಕೊಳ್ಳಲು ಈ ಅಂತರ ಒಂದು ದೊಡ್ಡ ಕಾರಣ. ಆದರೆ ಓಟವಿಲ್ಲದೆ ಎತ್ತುವ ಬಲವಿಲ್ಲ. ಗಂಟೆಗೆ ಸುಮಾರು 150 ಕಿಲೋಮೀಟರ್ ವೇಗ ಬರುವವರೆಗೆ ಈ ರೈಲು ವಿಮಾನದಂತೆ ರಬ್ಬರ್ ಗಾಲಿಗಳ ಮೇಲೆಯೇ ಓಡಬೇಕು.

ತೇಲಿದ ರೈಲನ್ನು ಮುಂದಕ್ಕೆ ಒಯ್ಯುವವರು ಯಾರು? ಎರಡೂ ದಾರಿಗಳಲ್ಲಿ ಇದಕ್ಕೆ ಇರುವುದು ಲೀನಿಯರ್ ಮೋಟಾರು. ಮನೆಯ ಪಂಪ್‌ಸೆಟ್ಟಿನ ಮೋಟಾರನ್ನು ಉದ್ದಕ್ಕೆ ಸೀಳಿ ಚಾಪೆಯಂತೆ ಬಿಡಿಸಿ ಹಾಸಿದರೆ ಅದು ಲೀನಿಯರ್ ಮೋಟಾರು. ತಿರುಗಿಸುವ ಬಲ ಈಗ ಉದ್ದಕ್ಕೆ ಎಳೆಯುವ ಬಲವಾಗುತ್ತದೆ. ಅತಿವೇಗದ ಮ್ಯಾಗ್ಲೆವ್‌ಗಳಲ್ಲಿ ಹೀಗೆ ಹಾಸಿದ ಮೋಟಾರಿನ ಸುರುಳಿಗಳು ಇರುವುದು ರೈಲಿನಲ್ಲಲ್ಲ, ಪಥದಲ್ಲಿ. ಇದರಿಂದ ರೈಲು ಹಗುರಾಯಿತು, ಏರು ಹತ್ತುವುದು ಸಲೀಸಾಯಿತು.

ಈ ಜಾಣತನದ ಬೆನ್ನಿಗೇ ಖರ್ಚಿನ ಪ್ರಶ್ನೆಯೂ ಬಂತು. ಮಾಮೂಲಿ ರೈಲಿನಲ್ಲಿ ಹಳಿ ಎಂದರೆ ಎರಡು ಉಕ್ಕಿನ ಪಟ್ಟಿ, ದುಬಾರಿ ಯಂತ್ರವೆಲ್ಲ ಎಂಜಿನ್ನಿನ ಹೊಟ್ಟೆಯಲ್ಲಿ. ಹತ್ತು ರೈಲು ಬೇಕೆಂದರೆ ಹತ್ತು ಎಂಜಿನ್ ಸಾಕು, ದಾರಿ ಎಷ್ಟೇ ಉದ್ದವಿರಲಿ. ಮ್ಯಾಗ್ಲೆವ್‌ನಲ್ಲಿ ಎಂಜಿನ್ನನ್ನೇ ದಾರಿಯುದ್ದಕ್ಕೂ ಹಾಸಬೇಕು. ದಿನಕ್ಕೆ ಎರಡು ರೈಲು ಓಡಿದರೂ ಇನ್ನೂರು ಓಡಿದರೂ ಪ್ರತಿ ಕಿಲೋಮೀಟರಿಗೂ ಆ ಹಣ ಸುರಿಯಲೇಬೇಕು. ಜನ ಕಿಕ್ಕಿರಿದು ಬರುವ ದಾರಿ ಇದ್ದರೆ ಮಾತ್ರ ಇದು ವ್ಯಾಪಾರ.

ಹಾಗಾದರೆ ಘರ್ಷಣೆ ಇಲ್ಲದ್ದರಿಂದ ಇಂಧನ ಉಳಿಯುವುದಿಲ್ಲವೇ? ಮ್ಯಾಗ್ಲೆವ್ ಬಗ್ಗೆ ಹೆಚ್ಚು ಹರಡಿರುವ ಅರ್ಧಸತ್ಯ ಇದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ಘರ್ಷಣೆ ಮೊದಲೇ ತೀರ ಕಡಿಮೆ. ವೇಗ ಹೆಚ್ಚಿದಂತೆ ರೈಲನ್ನು ಹಿಂದಕ್ಕೆ ಎಳೆಯುವುದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೆ ಗಾಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮ್ಯಾಗ್ಲೆವ್‌ನ ನಿಜವಾದ ಲಾಭ ಬೇರೆ: ಸವೆಯುವ ಭಾಗಗಳು ಕಡಿಮೆ, ಗಾಲಿ ಜಾರುವ ಭಯವಿಲ್ಲ, ವೇಗ ಪಡೆಯುವುದೂ ಇಳಿಸುವುದೂ ಬೇಗ.

1960ರ ದಶಕದಲ್ಲಿ ಅನೇಕ ಎಂಜಿನಿಯರುಗಳು ಮ್ಯಾಗ್ಲೆವ್ ಕಡೆ ತಿರುಗಿದ್ದಕ್ಕೆ ಒಂದು ನಂಬಿಕೆ ಕಾರಣವಾಗಿತ್ತು. ಗಂಟೆಗೆ 300 ಕಿಲೋಮೀಟರ್ ಆಸುಪಾಸಿನಲ್ಲಿ ಗಾಲಿಯ ಕಥೆ ಮುಗಿಯಿತು ಎಂಬ ನಂಬಿಕೆ. ಫ್ರಾನ್ಸಿನವರು 1955ರಲ್ಲಿ 331 ಕಿಲೋಮೀಟರ್ ವೇಗ ಮುಟ್ಟಿದಾಗ ಹಳಿಗಳೇ ಸೊಟ್ಟಗಾಗಿದ್ದವು. ಆದರೆ ಗಾಲಿ ಸುಮ್ಮನೆ ಕೂರಲಿಲ್ಲ, ಕಲಿಯಿತು. ಫ್ರಾನ್ಸಿನ ಟಿಜಿವಿ 1981ರಲ್ಲಿ 380, 1990ರಲ್ಲಿ 515, 2007ರ ಏಪ್ರಿಲ್ 3ರಂದು 574.8 ಕಿಲೋಮೀಟರ್ ಮುಟ್ಟಿತು. ಇವು ದಾಖಲೆಯ ಓಟಗಳು ನಿಜ. ಆದರೆ ಪ್ರಯಾಣಿಕರನ್ನು ಹೊತ್ತು ದಿನನಿತ್ಯ 300ರಲ್ಲಿ ಓಡುವುದು ಗಾಲಿಗೆ ಮಾಮೂಲಾಯಿತು. ಮ್ಯಾಗ್ಲೆವ್ ತಯಾರಾಗುವಷ್ಟರಲ್ಲಿ ಅದು ಓಡಬೇಕೆಂದಿದ್ದ ಪಂದ್ಯದ ಗೆರೆಯೇ ಮುಂದಕ್ಕೆ ಸರಿದಿತ್ತು.

ಟಿಜಿವಿಗೆ ಇನ್ನೊಂದು ಅನುಕೂಲವಿತ್ತು. ಪ್ಯಾರಿಸಿನಿಂದ ಹೊಸ ವೇಗದ ಹಳಿಯ ಮೇಲೆ ಹೊರಟ ರೈಲು, ಊರು ಬಂದಾಗ ಹಳೆಯ ಹಳಿಗೆ ಹೊರಳಿ ನೂರು ವರ್ಷದ ಹಳೆಯ ನಿಲ್ದಾಣಕ್ಕೇ ಹೋಗಿ ನಿಲ್ಲಬಲ್ಲದು. ಹೊಸ ಹಳಿ ಅರ್ಧ ದಾರಿಯವರೆಗೆ ಮಾತ್ರ ಸಿದ್ಧವಾಗಿದ್ದರೂ ಅಷ್ಟರ ಲಾಭ ಅಂದೇ ಸಿಗುತ್ತದೆ. ಮ್ಯಾಗ್ಲೆವ್‌ಗೆ ಈ ಭಾಗ್ಯವಿಲ್ಲ. ಅದರ ಪಥಕ್ಕೆ ಬೇರೆ ರೈಲು ಬರುವಂತಿಲ್ಲ, ಬೇರೆ ಹಳಿಗೆ ಅದು ಹೋಗುವಂತಿಲ್ಲ. ಪಥ ಬದಲಿಸಬೇಕಾದರೂ ಪಾಯಿಂಟ್ಸ್ ಎಳೆದಷ್ಟು ಸುಲಭವಲ್ಲ, ಜರ್ಮನಿಯ ವ್ಯವಸ್ಥೆಯಲ್ಲಿ ವೇಗದ ತಿರುವಿಗೆ ಸುಮಾರು 150 ಮೀಟರ್ ಉದ್ದದ ಉಕ್ಕಿನ ತೊಲೆಯನ್ನೇ ಬಗ್ಗಿಸುತ್ತಾರೆ. ಯಾವುದನ್ನೂ ಮುಟ್ಟದಿರುವುದು ಈ ರೈಲಿನ ಹಿರಿಮೆ, ಯಾವುದಕ್ಕೂ ಕೂಡಿಕೊಳ್ಳಲಾಗದ್ದು ಅದರ ಕೊರತೆ. ಮುಂದಿನ ಕಥೆಯೆಲ್ಲ ಈ ಕೊರತೆಯ ಕಥೆಯೇ.

ಜಗತ್ತಿನ ಮೊದಲ ವಾಣಿಜ್ಯ ಮ್ಯಾಗ್ಲೆವ್ ಓಡಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, 1984ರಲ್ಲಿ. ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಬರೀ 600 ಮೀಟರ್ ದೂರ, ನಿಧಾನದ ಪುಟ್ಟ ಬೋಗಿ. ಹನ್ನೊಂದು ವರ್ಷ ಜನರನ್ನು ಹೊತ್ತಿತು. ಆದರೆ ಜಗತ್ತಿನಲ್ಲಿ ಅಂಥದ್ದು ಅದೊಂದೇ ಆದ್ದರಿಂದ ಬಿಡಿಭಾಗ ಸಿಗುವುದು ಕಷ್ಟವಾಗುತ್ತ ಹೋಯಿತು, 1995ರಲ್ಲಿ ನಿಂತಿತು. ಮುಂದೆ ಅದೇ ಮೇಲ್ಪಥದ ಮೇಲೆ 2003ರಲ್ಲಿ ಹೊಸ ಗಾಡಿ ಬಂತು. ಅದನ್ನು ಎಳೆಯುವುದು ಉಕ್ಕಿನ ಹಗ್ಗ!

ಬರ್ಲಿನ್ನಿನ ಕಥೆ ಇನ್ನೂ ವಿಚಿತ್ರ. ಗೋಡೆ ಎದ್ದು ನಗರ ಎರಡಾದಾಗ ಸುರಂಗ ರೈಲಿನ ಮಾರ್ಗವೊಂದು ತುಂಡಾಗಿತ್ತು. ಆ ಪಾಳುಬಿದ್ದ ಜಾಗವನ್ನು ಬಳಸಿಕೊಂಡು ಪಶ್ಚಿಮ ಬರ್ಲಿನ್ನಿನವರು 1980ರ ದಶಕದಲ್ಲಿ 1.6 ಕಿಲೋಮೀಟರ್ ಉದ್ದದ ‘ಎಂ-ಬಾನ್’ ಎಂಬ ಮ್ಯಾಗ್ಲೆವ್ ಕಟ್ಟಿದರು. ಅದು ಸಿದ್ಧವಾಗುವ ಹೊತ್ತಿಗೆ, 1989ರ ನವೆಂಬರಿನಲ್ಲಿ, ಗೋಡೆ ಬಿತ್ತು. ತುಂಡಾದ ಹಳೆಯ ಮಾರ್ಗವನ್ನು ಮತ್ತೆ ಜೋಡಿಸುವ ಕೆಲಸ ಎದ್ದುನಿಂತಿತು. 1991ರ ಜುಲೈನಲ್ಲಿ ನಿಯಮಿತ ಸೇವೆ ಆರಂಭಿಸಿದ ಎಂ-ಬಾನನ್ನು ಅದೇ ತಿಂಗಳು ನಿಲ್ಲಿಸಿ, ಆಮೇಲೆ ಕಳಚಿದರು. ಜನ ಒಂದಾದಾಗ ಮೊದಲು ಬೇಕಾದದ್ದು ಈ ದಡಕ್ಕೂ ಆ ದಡಕ್ಕೂ ಹೊಂದುವ ಹಳಿ.

ಕೆಂಪರ್ ಹಾಕಿದ ತಳಹದಿಯ ಮೇಲೆ ಪಶ್ಚಿಮ ಜರ್ಮನಿಯ ಸರಕಾರ ಮತ್ತು ಕಂಪನಿಗಳು ಕಟ್ಟಿದ ದೊಡ್ಡ ರೈಲಿನ ಹೆಸರು ಟ್ರಾನ್ಸ್‌ರ‍್ಯಾಪಿಡ್. ಎಮ್ಸ್‌ಲಾಂಡ್ ಎಂಬಲ್ಲಿ 31.5 ಕಿಲೋಮೀಟರ್ ಉದ್ದದ ಪರೀಕ್ಷಾ ಪಥ ಎದ್ದಿತು. 1993ರಲ್ಲಿ ಅಲ್ಲಿ 450 ಕಿಲೋಮೀಟರ್ ವೇಗ ದಾಖಲಾಯಿತು. ಒಂದಾದ ಜರ್ಮನಿಯ ಹೆಮ್ಮೆಯಾಗಿ ಬರ್ಲಿನ್‌ನಿಂದ ಹ್ಯಾಂಬರ್ಗಿಗೆ 292 ಕಿಲೋಮೀಟರ್ ಮಾರ್ಗ ಹಾಕುವುದೆಂದು 1994ರಲ್ಲಿ ತೀರ್ಮಾನವಾಯಿತು. ಒಂದು ಗಂಟೆಯೊಳಗೆ ತಲುಪಬಹುದಿತ್ತು. ವರ್ಷ ಕಳೆದಂತೆ ಪ್ರಯಾಣಿಕರ ಅಂದಾಜು ಇಳಿಯಿತು, ಖರ್ಚಿನ ಅಂದಾಜು ಏರಿತು. 2000ದ ಫೆಬ್ರವರಿಯಲ್ಲಿ ಯೋಜನೆ ಬಿದ್ದುಹೋಯಿತು. ಅದೇ ಎರಡು ನಗರಗಳ ನಡುವಿನ ಹಳೆಯ ಹಳಿಯನ್ನು ಸರಿಪಡಿಸಿದ ಮೇಲೆ, 2004ರಿಂದ ಗಾಲಿಯ ರೈಲು ಸುಮಾರು ಒಂದೂವರೆ ಗಂಟೆಯಲ್ಲಿ ತಲುಪಿಸುತ್ತಿದೆ. ಉಳಿಯುವ ಅರ್ಧ ಗಂಟೆಗೆ ಎಷ್ಟು ಹಣ ಕೊಡಬಹುದು? ಮ್ಯಾಗ್ಲೆವ್ ವ್ಯಾಪಾರದ ಮೂಲ ಪ್ರಶ್ನೆ ಇದೇ.

ತವರಿನಲ್ಲಿ ಸಿಗದ ಗಿರಾಕಿ ಚೀನಾದಲ್ಲಿ ಸಿಕ್ಕಿತು. 2001ರ ಜನವರಿಯಲ್ಲಿ ಒಪ್ಪಂದ. 2002ರ ಡಿಸೆಂಬರ್ 31ರಂದು ಪ್ರಧಾನಿ ಝು ರೊಂಗ್‌ಜಿ ಮತ್ತು ಜರ್ಮನಿಯ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಶಾಂಘೈನಲ್ಲಿ ಮೊದಲ ಪ್ರಯಾಣ ಮಾಡಿದರು. ಪುಡೊಂಗ್ ವಿಮಾನ ನಿಲ್ದಾಣದಿಂದ 30 ಕಿಲೋಮೀಟರ್ ದಾರಿಯನ್ನು 431 ಕಿಲೋಮೀಟರ್ ವೇಗದಲ್ಲಿ ಎಂಟು ನಿಮಿಷದೊಳಗೆ ಮುಗಿಸುತ್ತಿದ್ದ ಆ ರೈಲು ಜಗತ್ತಿನ ಅಚ್ಚರಿಯಾಯಿತು. ಆದರೆ ಅದು ಪ್ರಯಾಣಿಕರನ್ನು ಇಳಿಸುವುದು ನಗರದ ನಡುವೆ ಅಲ್ಲ, ಹೊರವಲಯದ ಲಾಂಗ್ಯಾಂಗ್ ರಸ್ತೆಯಲ್ಲಿ. ಅಲ್ಲಿಂದ ಲಗೇಜು ಹೊತ್ತು ಮೆಟ್ರೋ ಹಿಡಿಯಬೇಕು. ಮಾರ್ಗವನ್ನು ನಗರದೊಳಕ್ಕೂ ಹಾಂಗ್‌ಝೌವರೆಗೂ ಎಳೆಯುವ ಯೋಚನೆ ಇತ್ತು. 2008ರ ಜನವರಿಯಲ್ಲಿ ಆ ದಾರಿಯ ನಿವಾಸಿಗಳು ಬೀದಿಗಿಳಿದರು, ವಿಸ್ತರಣೆ ನಿಂತುಹೋಯಿತು. ಬೀಜಿಂಗ್–ಶಾಂಘೈ ನಡುವಿನ 1,318 ಕಿಲೋಮೀಟರ್ ಮಾರ್ಗಕ್ಕೂ ಚೀನಾ ಬಹಳ ಚರ್ಚೆ ಮಾಡಿ ಗಾಲಿಯನ್ನೇ ಆರಿಸಿಕೊಂಡಿತು, 2011ರಲ್ಲಿ ಅದು ತೆರೆಯಿತು. ಇಂದು ಆ ಗಾಲಿಯ ರೈಲು 350 ಕಿಲೋಮೀಟರ್ ವೇಗದಲ್ಲಿ ಶಾಂಘೈ ಸೇರುತ್ತದೆ. ಅದೇ ಊರಿನ ಮ್ಯಾಗ್ಲೆವ್ 2021ರಿಂದ 300 ಮೀರುತ್ತಿಲ್ಲ.

ಎಮ್ಸ್‌ಲಾಂಡಿನಲ್ಲಿ 2006ರ ಸೆಪ್ಟೆಂಬರ್ 22ರ ಬೆಳಿಗ್ಗೆ ನಡೆದದ್ದನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಪಥವನ್ನು ಸ್ವಚ್ಛಗೊಳಿಸುವ ನಿರ್ವಹಣಾ ವಾಹನ ಇನ್ನೂ ಪಥದ ಮೇಲೆಯೇ ನಿಂತಿತ್ತು. ನಿಯಂತ್ರಣ ಕೊಠಡಿಯಿಂದ ರೈಲಿಗೆ ಹೊರಡಲು ಅನುಮತಿ ಸಿಕ್ಕಿತು. ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ರೈಲು ಅದಕ್ಕೆ ಬಡಿಯಿತು. 23 ಜನ ಸತ್ತರು. ಅಯಸ್ಕಾಂತಗಳು ಕೈಕೊಟ್ಟಿರಲಿಲ್ಲ. ಸೆಕೆಂಡಿಗೆ ಸಾವಿರಾರು ಬಾರಿ ಒಂದು ಸೆಂಟಿಮೀಟರನ್ನು ಅಳೆಯುತ್ತಿದ್ದ ವ್ಯವಸ್ಥೆಯ ಲೆಕ್ಕದಲ್ಲಿ, ದಾರಿಯ ಮೇಲೆ ನಿಂತಿದ್ದ ಆ ವಾಹನ ಸೇರಿರಲಿಲ್ಲ. ಅದನ್ನು ನೆನಪಿಡುವ ಕೆಲಸವನ್ನು ಮನುಷ್ಯರಿಗೆ ಬಿಟ್ಟಿದ್ದರು, ಮನುಷ್ಯರು ಮರೆತರು.

ಉಳಿದಿದ್ದ ಒಂದೇ ಆಸೆ ಮ್ಯೂನಿಕ್ ನಗರದಿಂದ ಅದರ ವಿಮಾನ ನಿಲ್ದಾಣಕ್ಕೆ 37 ಕಿಲೋಮೀಟರಿನ ಮಾರ್ಗ. 185 ಕೋಟಿ ಯೂರೋ ಎಂದಿದ್ದ ಖರ್ಚು 340 ಕೋಟಿಗೆ ಏರಿದಾಗ, 2008ರ ಮಾರ್ಚಿನಲ್ಲಿ ಅದನ್ನೂ ಕೈಬಿಟ್ಟರು. ಎಮ್ಸ್‌ಲಾಂಡ್ ಪಥದ ಪರವಾನಗಿ 2011ರ ಕೊನೆಗೆ ಮುಗಿಯಿತು. ನಾರ್ಟ್ರುಪ್‌ನ ಅಂಗಳದಲ್ಲಿರುವುದು ಆ ಮ್ಯೂನಿಕ್ ಮಾರ್ಗವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ರೈಲು.

ಇಷ್ಟಾದರೂ ಒಂದು ದೇಶ ಪಟ್ಟು ಬಿಟ್ಟಿಲ್ಲ. ಜಪಾನಿನಲ್ಲಿ ಸಂಶೋಧನೆ ಶುರುವಾದದ್ದು 1962ರಲ್ಲಿ, ಶಿಂಕಾನ್ಸೆನ್ ಓಡಲು ಇನ್ನೂ ಎರಡು ವರ್ಷ ಇರುವಾಗಲೇ. 1979ರ ಡಿಸೆಂಬರಿನಲ್ಲಿ ಮಿಯಾಝಾಕಿಯ ಪರೀಕ್ಷಾ ಪಥದಲ್ಲಿ ಜನರಿಲ್ಲದ ಬಂಡಿ 517 ಕಿಲೋಮೀಟರ್ ಮುಟ್ಟಿತು. 1991ರಲ್ಲಿ ಅಲ್ಲಿ ಪರೀಕ್ಷೆಯ ಬಂಡಿಯೊಂದು ಬೆಂಕಿಗೆ ಆಹುತಿಯಾಯಿತು. ಅವರು ನಿಲ್ಲಿಸಲಿಲ್ಲ. 1997ರಲ್ಲಿ ಯಾಮಾನಾಶಿಯಲ್ಲಿ ಹೊಸ ಪಥ ತೆರೆದರು. 2015ರ ಏಪ್ರಿಲ್ 21ರಂದು ಅಲ್ಲಿ ಜನರನ್ನು ಹೊತ್ತ ರೈಲು 603 ಕಿಲೋಮೀಟರ್ ವೇಗ ಕಂಡಿತು. ರೈಲಿನ ಚರಿತ್ರೆಯಲ್ಲಿ ಅದೇ ದಾಖಲೆ.

ಮ್ಯಾಗ್ಲೆವ್‌ಗೆ ಬೇಕಾದ ವ್ಯಾಪಾರದ ಲೆಕ್ಕ ಕೂಡಿಬರುವ ಜಾಗವಿದ್ದರೆ ಅದು ಟೋಕಿಯೋ–ನಗೋಯಾ–ಒಸಾಕಾ ದಾರಿಯೇ. ಈಗಿನ ಶಿಂಕಾನ್ಸೆನ್ ಅಲ್ಲಿ ದಿನಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸುತ್ತದೆ, 1964ರ ಆ ಮಾರ್ಗಕ್ಕೆ ವಯಸ್ಸಾಗಿದೆ, ದೊಡ್ಡ ಭೂಕಂಪವಾದರೆ ಬದಲಿ ದಾರಿಯಿಲ್ಲ. ಹಾಗಾಗಿ ಜೆಆರ್ ಸೆಂಟ್ರಲ್ ಕಂಪನಿ ಹೊಸ ಮ್ಯಾಗ್ಲೆವ್ ಮಾರ್ಗವನ್ನು ತನ್ನದೇ ಹಣದಲ್ಲಿ ಕಟ್ಟುತ್ತೇನೆಂದು 2007ರಲ್ಲಿ ಸಾರಿತು. ಆ ಹಣ ಬರುವುದು ಶಿಂಕಾನ್ಸೆನ್ ಟಿಕೆಟ್ಟುಗಳಿಂದ. ಗಾಲಿಯ ರೈಲು ದುಡಿದು ತಂದದ್ದರಲ್ಲಿ ಗಾಲಿಯಿಲ್ಲದ ರೈಲು ಬೆಳೆಯುತ್ತಿದೆ. ಒಸಾಕಾ ಭಾಗವನ್ನು ಬೇಗ ಮುಗಿಸಲೆಂದು ಸರಕಾರ ಮೂರು ಲಕ್ಷ ಕೋಟಿ ಯೆನ್ ಸಾಲಕ್ಕೂ ದಾರಿ ಮಾಡಿಕೊಟ್ಟಿತು.

2014ರಲ್ಲಿ ಒಪ್ಪಿಗೆ ಸಿಕ್ಕಾಗ ಟೋಕಿಯೋದಿಂದ ನಗೋಯಾಕ್ಕೆ 40 ನಿಮಿಷ, 2027ಕ್ಕೆ ಸಿದ್ಧ ಎಂದಿದ್ದರು. ಸುಮಾರು 286 ಕಿಲೋಮೀಟರಿನಲ್ಲಿ ಶೇಕಡ 86ರಷ್ಟು ಸುರಂಗ. ಆ ಸುರಂಗ ದಕ್ಷಿಣ ಆಲ್ಪ್ಸ್ ಬೆಟ್ಟಗಳ ಅಡಿಯಲ್ಲಿ ಶಿಝುವೊಕಾ ಪ್ರಾಂತ್ಯದ 8.9 ಕಿಲೋಮೀಟರನ್ನು ದಾಟಬೇಕು. ಅಲ್ಲಿ ಮೇಲೆ ಓಯಿ ನದಿಯ ಜಲಾನಯನ ಪ್ರದೇಶ. ಸುರಂಗಕ್ಕೆ ನೀರು ಬಸಿದುಹೋದರೆ ಕೆಳಗಿನ ಚಹಾ ತೋಟಗಳಿಗೆ, ನದಿಯ ನೀರನ್ನೇ ನಂಬಿದ ಊರುಗಳಿಗೆ ಏನು ಗತಿ ಎಂದು ಪ್ರಾಂತ್ಯ ಕೇಳಿತು. ಶಿಝುವೊಕಾದಲ್ಲಿ ಈ ರೈಲಿಗೆ ನಿಲ್ದಾಣವೂ ಇಲ್ಲ, ಅಂದರೆ ನೀರಿನ ಅಪಾಯ ಅವರಿಗೆ, ಪ್ರಯಾಣ ಬೇರೆಯವರಿಗೆ. ಗವರ್ನರ್ ಹೇಟಾ ಕವಾಕಾತ್ಸು ವರ್ಷಗಟ್ಟಲೆ ಅನುಮತಿ ಕೊಡಲಿಲ್ಲ. 2024ರಲ್ಲಿ ಕಂಪನಿ 2027ರ ಗುರಿಯನ್ನು ಬಿಟ್ಟುಕೊಟ್ಟಿತು. ಈಗ ಹೇಳುತ್ತಿರುವುದು 2034ಕ್ಕೂ ಆಚಿನ ಮಾತು. 5.5 ಲಕ್ಷ ಕೋಟಿ ಯೆನ್ ಎಂದಿದ್ದ ಖರ್ಚು 2021ರಲ್ಲೇ ಏಳು ಲಕ್ಷ ಕೋಟಿ ದಾಟಿತ್ತು. 603 ಕಿಲೋಮೀಟರ್ ವೇಗ ಮುಟ್ಟಿದ ರೈಲು 8.9 ಕಿಲೋಮೀಟರಿನ ಮುಂದೆ ವರ್ಷಗಟ್ಟಲೆ ನಿಂತಿತು.

ನದಿಯ ಬಗ್ಗೆ ಕೇಳಿದವರನ್ನು ಪ್ರಗತಿಯ ವಿರೋಧಿಗಳು ಎನ್ನುವುದು ಸುಲಭ. ಆದರೆ ರೈಲು ಹಳಿ ಮುಟ್ಟದಿದ್ದರೂ ಅದರ ದಾರಿ ನೆಲವನ್ನು ಮುಟ್ಟಲೇಬೇಕು, ನೆಲದಲ್ಲಿ ಜನ ಇದ್ದೇ ಇರುತ್ತಾರೆ. ವೇಗ ಹೆಚ್ಚಿದಷ್ಟೂ ದಾರಿ ನೇರವಾಗಿರಬೇಕು. ನೇರ ದಾರಿಗೆ ಬೆಟ್ಟ, ನದಿ, ಮನೆ ಯಾವುದನ್ನೂ ಬಳಸಿಕೊಂಡು ಹೋಗಲು ಬರುವುದಿಲ್ಲ. ಶಾಂಘೈನಲ್ಲೂ ಶಿಝುವೊಕಾದಲ್ಲೂ ಎದ್ದದ್ದು ಇದೇ ಪ್ರಶ್ನೆ.

ಈ ಚರಿತ್ರೆ ನಮಗೂ ದೂರದ್ದಲ್ಲ. 2016ರಲ್ಲಿ ಭಾರತೀಯ ರೈಲ್ವೆ ಮ್ಯಾಗ್ಲೆವ್ ಬಗ್ಗೆ ಯೋಚಿಸಿದಾಗ ಹೆಸರಿಸಿದ ಮಾರ್ಗಗಳಲ್ಲಿ ಬೆಂಗಳೂರು–ಚೆನ್ನೈ ಕೂಡ ಒಂದು. 2020ರಲ್ಲಿ ಬಿಎಚ್‌ಇಎಲ್ ಸಂಸ್ಥೆ ಸ್ವಿಸ್‌ರ‍್ಯಾಪಿಡ್ ಎಂಬ ಕಂಪನಿಯ ಜೊತೆ ಈ ಕುರಿತು ಒಪ್ಪಂದ ಮಾಡಿಕೊಂಡಿತು. ಚೀನಾ 2021ರಲ್ಲಿ 600 ಕಿಲೋಮೀಟರ್ ವೇಗದ ಹೊಸ ಮಾದರಿಯನ್ನು ಹೊರತಂದಿದೆ. ಆಸೆ ಮತ್ತೆ ಮತ್ತೆ ಚಿಗುರುತ್ತದೆ, ಚಿಗುರಬೇಕು ಕೂಡ. ಕೆಂಪರ್ ಪೇಟೆಂಟಿಗೂ ಶಾಂಘೈಗೂ ನಡುವೆ 68 ವರ್ಷ ಇತ್ತು ಎಂಬುದನ್ನು ನೆನೆದರೆ, ಬಾಗಿಲು ಮುಚ್ಚಿತು ಎನ್ನಲು ಯಾರಿಗೂ ಅಧಿಕಾರವಿಲ್ಲ.

ಆದರೆ ಅಂಥ ಸುದ್ದಿ ಬಂದಾಗ ನಾವು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ವೇಗ?’ ಎಂದು. ಆ ಪ್ರಶ್ನೆಗೆ ಎಂಜಿನಿಯರುಗಳು ಎಂದೋ ಉತ್ತರ ಕೊಟ್ಟಾಗಿದೆ. ಕೇಳಬೇಕಾದ ಬೇರೆ ಪ್ರಶ್ನೆಗಳಿವೆ. ರೈಲು ಎಲ್ಲಿ ಇಳಿಸುತ್ತದೆ, ಅಲ್ಲಿಂದ ಮನೆಗೆ ಹೇಗೆ ಹೋಗುವುದು? ಅರ್ಧ ಕಟ್ಟಿ ನಿಂತರೆ ಆ ಅರ್ಧ ಯಾವ ಕೆಲಸಕ್ಕೆ ಬರುತ್ತದೆ? ಇಪ್ಪತ್ತು ವರ್ಷದ ನಂತರ ಬಿಡಿಭಾಗ ಯಾರು ಮಾಡಿಕೊಡುತ್ತಾರೆ? ದಾರಿ ಯಾರ ಹೊಲದ, ಯಾರ ಬಾವಿಯ ಅಡಿಯಲ್ಲಿ ಹೋಗುತ್ತದೆ? ನಾರ್ಟ್ರುಪ್‌ನ ಅಂಗಳದಲ್ಲಿ ನಿಂತಿರುವ ಆ ಸುಂದರವಾದ ರೈಲಿನ ಹತ್ತಿರ ಮೊದಲ ಪ್ರಶ್ನೆಗೆ ಬಲು ಒಳ್ಳೆಯ ಉತ್ತರವಿತ್ತು. ಉಳಿದವಕ್ಕೆ ಇರಲಿಲ್ಲ.